'ದಿ.' ಎಂಬ ಒಂದಕ್ಷರ: ಉಡುಪಿಯ ಮುದ್ರಣಾಲಯವೊಂದರ ಪ್ರಕರಣ ಅಧ್ಯಯನ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಸಣ್ಣ ಮುದ್ರಣಾಲಯವೊಂದಕ್ಕೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಂದಾಗ ಅಲ್ಲಿನ ಕೆಲಸಕ್ಕೂ ದುಡಿಯುವವರಿಗೂ ಏನಾಯಿತು ಎಂಬ ಪ್ರಕರಣ ಇದು. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಮಾಲೀಕರು ತಮ್ಮ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿದರು. ನಾನು ಆ ಅಂಗಡಿಯ ಹಳೆಯ ಗಿರಾಕಿ. ನಮ್ಮೂರಿನ ಭಜನಾ ಮಂಡಳಿಯ ಕಾರ್ಯದರ್ಶಿಯಾಗಿದ್ದಷ್ಟು ವರ್ಷವೂ ಆಮಂತ್ರಣ ಪತ್ರಿಕೆ, ರಶೀದಿ ಪುಸ್ತಕ, ವಾರ್ಷಿಕ ವರದಿ ಎಲ್ಲವನ್ನೂ ಅಲ್ಲಿಯೇ ಮಾಡಿಸಿದ್ದೇನೆ. 2024ರ ಆಟಿ ತಿಂಗಳಿಂದ, ಅಂದರೆ ಜುಲೈ ನಡುವಿನಿಂದ, 2025ರ ಮೇ ಕೊನೆಯ ಪತ್ತನಾಜೆಯವರೆಗೆ ವಾರಕ್ಕೆ ಎರಡು ಮೂರು ಸಂಜೆ ಅಲ್ಲಿ ಕುಳಿತು, ಆ ಮೇಲೂ ಹೋಗಿಬಂದು ಕಂಡದ್ದು, ಕೇಳಿದ್ದು ಇಲ್ಲಿದೆ.

ಅಲ್ಲಿ ದುಡಿಯುವವರು ನಾಲ್ವರು. ಮಾಲೀಕರು, ಇಪ್ಪತ್ತು ವರ್ಷಗಳಿಂದ ಕನ್ನಡ ಅಕ್ಷರಜೋಡಣೆ ಮಾಡುತ್ತಿರುವ, ಎಲ್ಲರೂ ಅಕ್ಕ ಎಂದೇ ಕರೆಯುವ ಮಹಿಳೆ, ವಿನ್ಯಾಸ ಮಾಡುವ ಹುಡುಗ, ಆಫ್‌ಸೆಟ್ ಯಂತ್ರ ನಡೆಸುವ, ಮಾಲೀಕರಿಗಿಂತ ವಯಸ್ಸಿನಲ್ಲಿ ಹಿರಿಯರಾದ ಒಬ್ಬರು. ಹಂಗಾಮಿನಲ್ಲಿ ಟೈಪ್ ಮಾಡಲು ಐದನೆಯವರೊಬ್ಬರು ಬರುತ್ತಿದ್ದರು. ಮಿಕ್ಕ ತಿಂಗಳುಗಳಲ್ಲಿ ಅವರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಅವರ ವಿಷಯ ಮುಂದೆ ಬರುತ್ತದೆ.

ಹಂಗಾಮು ಎಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ದೀಪಾವಳಿ ಕಳೆದು ದೈವಗಳ ನೇಮ, ನಾಗಮಂಡಲ, ಬ್ರಹ್ಮಕಲಶೋತ್ಸವ, ಮದುವೆ, ಗೃಹಪ್ರವೇಶಗಳು ಸಾಲುಹಿಡಿದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನದವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ, ಮುದ್ರಣಾಲಯಕ್ಕೆ ಬಿಡುವೆಂಬುದಿಲ್ಲ. ಪತ್ತನಾಜೆ ಎನ್ನುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ, ಯಂತ್ರವೂ ತಣ್ಣಗಾಗುತ್ತದೆ. ಏಳು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಸಂಬಳ ಹುಟ್ಟಬೇಕು.

ಮಾಲೀಕರು ಹೇಳಿದ ತೊಂದರೆ

2023-24ರ ಹಂಗಾಮು ಮುಗಿದಾಗ ಲೆಕ್ಕ ನೋಡಿ ಮಾಲೀಕರು ಕಂಗಾಲಾಗಿದ್ದರು. ಹಿಂದೆ ಮದುವೆಗೆ 800, 1,000 ಪತ್ರಿಕೆ ಮಾಡಿಸುತ್ತಿದ್ದ ಮನೆಗಳು ಈಗ 200ಕ್ಕೆ ಇಳಿದಿದ್ದವು. ಹತ್ತಿರದ ನೆಂಟರಿಗೆ ಮಾತ್ರ ಕಾಗದ, ಉಳಿದವರಿಗೆಲ್ಲ ವಾಟ್ಸ್‌ಆ್ಯಪ್. ಅದರ ಮೇಲೆ 2022ರ ನವೆಂಬರ್‌ನಲ್ಲಿ ಕೇಳಿದ್ದನ್ನು ಬರೆದುಕೊಡುವ ಎಐ ಉಪಕರಣ ಚಾಟ್‌ಜಿಪಿಟಿ ಬಂದ ನಂತರ ಗಿರಾಕಿಗಳೇ ಮೊಬೈಲಿನಲ್ಲಿ ಒಕ್ಕಣೆ ಬರೆಸಿಕೊಂಡು ಬರತೊಡಗಿದರು. "ಟೈಪ್ ಮಾಡಿದ್ದೇ ಇದೆಯಲ್ಲ, ಅಕ್ಷರಜೋಡಣೆಗೆ ಯಾಕೆ ದುಡ್ಡು?" ಎಂಬ ಮಾತು ಕೌಂಟರಿನಲ್ಲಿ ದಿನಾ ಕೇಳುತ್ತಿತ್ತು.

ಅವರಿಗೆ ತೋಚಿದ ಉಪಾಯ ಸರಳವಾಗಿತ್ತು. ಯಂತ್ರವೇ ಬರೆಯುವುದಾದರೆ ಹಂಗಾಮಿಗೆ ಇನ್ನೊಬ್ಬರು ಬೇಡ, ಅಕ್ಕನಿಗೂ ಅರ್ಧ ದಿನದ ಕೆಲಸ ಸಾಕು. ಇದನ್ನು ಹೇಳುವಾಗ ಅವರ ದನಿ ಇಳಿದಿತ್ತು. ಅವರ ತಂದೆ ಟ್ರೆಡಲ್ ಎಂಬ ಹಳೆಯ ಅಚ್ಚಿನ ಯಂತ್ರ ಇಟ್ಟುಕೊಂಡು ಇದೇ ಕೋಣೆಯಲ್ಲಿ ಅಂಗಡಿ ಆರಂಭಿಸಿದವರು. ಕಂಪ್ಯೂಟರ್ ಬಂದಾಗ ಮೊಳೆ, ಅಂದರೆ ಸೀಸದ ಅಕ್ಷರದಚ್ಚು, ಜೋಡಿಸುತ್ತಿದ್ದ ಇಬ್ಬರಲ್ಲಿ ಒಬ್ಬರು ಕೀಲಿಮಣೆ ಕಲಿತರು, ಇನ್ನೊಬ್ಬರು ಕೈಚೀಲ ಹಿಡಿದು ಮನೆಗೆ ಹೋದರು. ಆ ಎರಡನೆಯವರು ಹೊರಟ ದಿನ ತಂದೆ ಊಟ ಮಾಡಲಿಲ್ಲ ಎಂಬುದು ಮಗನಿಗೆ ಇಂದಿಗೂ ನೆನಪಿದೆ.

ಈ ಜಿಲ್ಲೆಗಳಿಗೆ ಮುದ್ರಣ ಹೊಸದೇನಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು, ಮೊಳೆ, ಆಫ್‌ಸೆಟ್, ಕಂಪ್ಯೂಟರ್ ಎಂದು ಕಸುಬು ಹಲವು ಸಲ ಮೈ ಬದಲಿಸಿದೆ. ಪ್ರತಿ ಸಲವೂ ಅಂಗಡಿ ಉಳಿಯಿತೇ ಎಂದು ಕೇಳುತ್ತೇವೆ, ಅಂಗಡಿಯೊಳಗಿದ್ದವರು ಉಳಿದರೇ ಎಂದು ಕೇಳುವುದು ಕಡಿಮೆ. ಹಾಗಾಗಿ ಯಾರನ್ನೂ ಕಡಿಮೆ ಮಾಡುವ ಮೊದಲು ಹೊತ್ತು ಎಲ್ಲಿ ಹೋಗುತ್ತದೆಂದು ಬರೆದಿಡಿ ಎಂದು ನಾನು ಕೇಳಿಕೊಂಡೆ.

ಆಟಿಯ ಮಳೆಯಲ್ಲಿ ಕೆಲಸ ಕಡಿಮೆ ಇದ್ದುದರಿಂದ ಹಿಂದಿನ ಹಂಗಾಮಿನ ಕೆಲಸದ ಚೀಟಿಗಳನ್ನೂ ವಾಟ್ಸ್‌ಆ್ಯಪ್ ಮಾತುಕತೆಗಳನ್ನೂ ಹರವಿಕೊಂಡು ಕುಳಿತೆವು. ಒಂದು ಮದುವೆ ಪತ್ರಿಕೆಯನ್ನು ಟೈಪ್ ಮಾಡಲು ಅಕ್ಕನಿಗೆ ಬೇಕಾದದ್ದು 20 ನಿಮಿಷ. ಆದರೆ ಅದೇ ಪತ್ರಿಕೆ ಮನೆಯವರ ಕೈಗೂ ಅಂಗಡಿಗೂ ನಡುವೆ ನಾಲ್ಕು ದಿನ ಓಡಾಡಿತ್ತು. ದೊಡ್ಡಪ್ಪನ ಹೆಸರು ಮೊದಲು ಬರಬೇಕೇ, ಮುಂಬಯಿಯ ಸೋದರಮಾವನ ಹೆಸರು ಬಿಟ್ಟುಹೋಯಿತಲ್ಲ, ಸಭಾಂಗಣ ಬದಲಾಯಿತು, ಮುಹೂರ್ತ ಹತ್ತು ನಿಮಿಷ ಹಿಂದಕ್ಕೆ ಹೋಯಿತು ಎಂದು ಫೋನಿನ ಮೇಲೆ ಫೋನು. ಯಂತ್ರ ಕಸಿದುಕೊಳ್ಳುವುದು ಆ 20 ನಿಮಿಷವನ್ನು ಮಾತ್ರ ಎಂದು ಚೀಟಿಗಳೇ ಹೇಳುತ್ತಿದ್ದವು. ಉಳಿದ ಅಷ್ಟೂ ಕೆಲಸವನ್ನು ಅಂಗಡಿ ಇಷ್ಟು ವರ್ಷ ಬಿಟ್ಟಿಯಾಗಿ ಮಾಡಿಕೊಂಡು ಬಂದಿತ್ತು. ಬಿಲ್ಲಿನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಪರೀಕ್ಷೆಗೆ ಒಡ್ಡಿದ್ದು

ಆಗಸ್ಟ್‌ನಿಂದ ಅವರು ಎಐ ಉಪಕರಣಗಳನ್ನು ಒಂದೊಂದೇ ಕೆಲಸಕ್ಕೆ ಹಚ್ಚಿ ನೋಡಿದರು. ಕೂತು ಕಲಿತವರು ಅಕ್ಕ ಮತ್ತು ವಿನ್ಯಾಸದ ಹುಡುಗ. ಕಲಿಯುವ ಹೊತ್ತಿಗೂ ಸಂಬಳ ಸಿಗಬೇಕು ಎಂದು ಅಕ್ಕ ಮೊದಲೇ ಕೇಳಿದರು, ಮಾಲೀಕರು ಒಪ್ಪಿದರು. ಇದು ಸಣ್ಣ ಮಾತಲ್ಲ. ರಾತ್ರಿ ಮನೆಯಲ್ಲಿ ಮೊಬೈಲ್ ನೋಡಿ ಕಲಿತುಕೊಂಡು ಬನ್ನಿ ಎಂದಿದ್ದರೆ, ಅಡುಗೆ ಮುಗಿಸಿ ಮಕ್ಕಳನ್ನು ಮಲಗಿಸುವ ಹೆಂಗಸು ಯಾವ ಹೊತ್ತಿನಲ್ಲಿ ಕಲಿಯುತ್ತಿದ್ದರು?

ನಿಜವಾಗಿ ಹೊತ್ತು ಉಳಿದದ್ದು ಹಳೆಯ ಪುಸ್ತಕಗಳ ಮರುಮುದ್ರಣದಲ್ಲಿ. ಅಮೃತ ಮಹೋತ್ಸವ ಆಚರಿಸುತ್ತಿದ್ದ ಶಾಲೆಯೊಂದು ತನ್ನ ಹಳೆಯ ಸ್ಮರಣ ಸಂಚಿಕೆಯನ್ನು ಹೊಸದರೊಳಗೆ ಸೇರಿಸಬೇಕೆಂದು ತಂದುಕೊಟ್ಟಿತು. ಮೊಳೆಯಲ್ಲಿ ಅಚ್ಚಾದ, ಹಳದಿಗಟ್ಟಿದ 120 ಪುಟ. ಕುಳಿತು ಟೈಪ್ ಮಾಡಿದ್ದರೆ ತಿಂಗಳ ಕೆಲಸ. ಪುಟಗಳ ಫೋಟೋ ತೆಗೆದು ಯಂತ್ರಕ್ಕೆ ಓದಿಸಿ, ಅಕ್ಕ ಅದನ್ನು ತಿದ್ದಿ ಮುಗಿಸಿದ್ದು ಒಂದು ವಾರದಲ್ಲಿ. ಥ ಇದ್ದಲ್ಲಿ ಧ, ಪ ಇದ್ದಲ್ಲಿ ಷ ಬಂದಿತ್ತು. ಅವು ಕಣ್ಣಿಗೆ ರಾಚುವ ತಪ್ಪುಗಳು, ತಿದ್ದುವುದು ಸುಲಭ. ಇಂಥ ಕೆಲಸವನ್ನು ಹಿಂದೆ ಅಂಗಡಿ ಒಪ್ಪಿಕೊಳ್ಳುತ್ತಲೇ ಇರಲಿಲ್ಲ.

ಇಂಗ್ಲಿಷ್ ಪತ್ರಗಳಲ್ಲಿಯೂ ಉಪಕಾರವಾಯಿತು. ಕಾಲೇಜುಗಳಿಗೆ ದರಪಟ್ಟಿ ಕಳುಹಿಸಲು ಮಾಲೀಕರು ಯಾರನ್ನಾದರೂ ಹುಡುಕಿಕೊಂಡು ಹೋಗಬೇಕಿತ್ತು. ಈಗ ಕನ್ನಡದಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆಸಿ, ಅಂಕಿಗಳನ್ನು ತಾವೇ ನೋಡಿ ಕಳುಹಿಸುತ್ತಾರೆ.

ಅಕ್ಷರಶೈಲಿಯ ತಲೆನೋವು ಬೇರೆಯೇ. ಯಂತ್ರ ಕೊಡುವ ಕನ್ನಡ, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿರುತ್ತದೆ. ಅಂಗಡಿಯಲ್ಲಿದ್ದುದು ವಿನ್ಯಾಸದ ಹಳೆಯ ತಂತ್ರಾಂಶ ಕೋರೆಲ್‌ಡ್ರಾ ಮತ್ತು ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಅಕ್ಷರಶೈಲಿಗಳು. ಯೂನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಕೂಡಿಸಿಡುತ್ತದೆ, ಹಳೆಯ ಶೈಲಿಗಳು ಕಣ್ಣಿಗೆ ಕಾಣುವ ತುಂಡುಗಳ ಕ್ರಮದಲ್ಲಿ. ಪರಿವರ್ತಿಸುವಾಗ 'ಸೂರ್ಯ'ದ ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ, 'ರ‍್ಯಾಂಕ್' ಎಂಬುದು ಚೂರುಚೂರಾಗುತ್ತದೆ. ಎಐ ಬಗ್ಗೆ ಭಾಷಣ ಮಾಡುವವರು ಇದನ್ನು ಹೇಳುವುದಿಲ್ಲ. ಸಣ್ಣ ಅಂಗಡಿಗಳ ಹೊತ್ತು ಹೋಗುವುದು ಇಂಥ ಕಡೆಯಲ್ಲಿಯೇ. ಕೊನೆಗೆ ಹುಡುಗ ಯೂನಿಕೋಡ್ ಒಪ್ಪುವ ತಂತ್ರಾಂಶಕ್ಕೆ ಮದುವೆ ಪತ್ರಿಕೆಗಳ ಮಾದರಿಗಳನ್ನು ಒಂದೊಂದಾಗಿ ಸಾಗಿಸಿದ. ಮಳೆಗಾಲವೆಲ್ಲ ಅದಕ್ಕೇ ಹೋಯಿತು.

ಚಿತ್ರಗಳ ವಿಷಯದಲ್ಲಿ ಒಂದು ಪ್ರಸಂಗ ಹೇಳಬೇಕು. ಗೃಹಪ್ರವೇಶದ ಪತ್ರಿಕೆಗೆ ಉಡುಪಿ ಕೃಷ್ಣನ ಚಿತ್ರ ಬರೆಯಲು ಯಂತ್ರಕ್ಕೆ ಹೇಳಿದರು. ಮುದ್ದಾದ ಕೃಷ್ಣ ಬಂದ, ಕೈಯಲ್ಲಿ ಕೊಳಲು. ನಮ್ಮ ಕೃಷ್ಣ ಕಡೆಗೋಲಿನವನು. ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಆಫ್‌ಸೆಟ್ ಯಂತ್ರದ ಹಿರಿಯರು ಗಾಜಿನ ಬಾಗಿಲಿನಿಂದ ಇಣುಕಿ ನೋಡಿ, "ಇವನು ನಮ್ಮ ಊರಿನವನಲ್ಲ ಮಾರಾಯರೆ" ಎಂದರು. ಅಂದಿನಿಂದ ಹಿನ್ನೆಲೆಯ ಹೂಬಳ್ಳಿ, ಅಂಚುಗಳಿಗೆ ಮಾತ್ರ ಯಂತ್ರದ ಚಿತ್ರ. ದೇವರು, ದೈವಗಳ ಚಿತ್ರವನ್ನು ಮನೆಯವರು ಅಥವಾ ದೇವಸ್ಥಾನದವರು ಕೊಟ್ಟದ್ದನ್ನೇ ಬಳಸುತ್ತಾರೆ. ಚಿತ್ರದೊಳಗೆ ಕನ್ನಡ ಅಕ್ಷರ ಬರೆಸುವುದನ್ನೂ ಬಿಟ್ಟರು; ಒತ್ತಕ್ಷರ ಬಂದಲ್ಲೆಲ್ಲ ಅದು ಏನೋ ಒಂದು ಬಳ್ಳಿಯಂಥದ್ದನ್ನು ಎಳೆಯುತ್ತಿತ್ತು.

ಒಕ್ಕಣೆಯೂ ಹೀಗೆಯೇ. ಯಂತ್ರ ಬರೆದ ಪತ್ರಿಕೆಯಲ್ಲಿ 'ಮಾರ್ಗಶಿರ ಶುದ್ಧ' ಎಂದಿರುತ್ತದೆ. ಇಲ್ಲಿನ ಮನೆಗಳಿಗೆ ಬೇಕಾದದ್ದು 'ವೃಶ್ಚಿಕ ಮಾಸ ದಿನ' ಇಷ್ಟು, 'ಸಲುವ ತಾರೀಕು' ಇಷ್ಟು ಎಂಬ ಸೌರಮಾನದ ಲೆಕ್ಕ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬಗಳಲ್ಲಿ ತಾಯಿಯ ಮನೆತನದ ಹೆಸರು, ಸೋದರಮಾವಂದಿರ ಹೆಸರು ಎಲ್ಲಿ ಬರಬೇಕೆಂಬುದಕ್ಕೆ ಒಂದು ಕ್ರಮವಿದೆ. ಅದನ್ನು ಯಂತ್ರಕ್ಕೆ ಬರೆದು ಹೇಳಿದರೆ ಪಾಲಿಸುತ್ತದೆ, ಹೇಳದಿದ್ದರೆ ಎಲ್ಲಿಯದೋ ಮಾದರಿಯನ್ನು ಕೊಡುತ್ತದೆ. ತುಳು ಒಕ್ಕಣೆಯನ್ನೂ ಪ್ರಯತ್ನಿಸಿದರು. ಗೂಗಲ್ ಅನುವಾದಕ್ಕೆ 2024ರ ಜೂನ್‌ನಲ್ಲಿ ತುಳು ಸೇರಿದೆ, ಸಂತೋಷದ ಸಂಗತಿ. ಆದರೆ ದೈವದ ಕೋಲದ ಕರೆಯೋಲೆಗೆ ಬೇಕಾದ ಗತ್ತು ಅದರಲ್ಲಿ ಬರಲಿಲ್ಲ, ಅಕ್ಕ ತಾವೇ ಬರೆದರು.

600 ಪತ್ರಿಕೆಗಳು

ನವೆಂಬರ್ ಕೊನೆಯ ಹೊತ್ತಿಗೆ ಎಲ್ಲರಿಗೂ ಯಂತ್ರದ ಮೇಲೆ ನಂಬಿಕೆ ಬಂದಿತ್ತು. ಕೈಬರಹದ ಹಾಳೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಯಂತ್ರ ಓದುತ್ತದೆ, ಹುಡುಗ ಮಾದರಿಯೊಳಗೆ ಸುರಿಯುತ್ತಾನೆ, ಅಕ್ಕ ಒಮ್ಮೆ ಕಣ್ಣಾಡಿಸುತ್ತಾರೆ. ಹೀಗೆ ಬಂದ ಒಂದು ಮದುವೆಯ ಹಾಳೆಯಲ್ಲಿ ಹುಡುಗಿಯ ಅಜ್ಜಿಯ ಹೆಸರು ಒಂದು ಸಾಲಿನಲ್ಲಿ, ಅಜ್ಜನ ಹೆಸರು ಮುಂದಿನ ಸಾಲಿನಲ್ಲಿತ್ತು. ಅಜ್ಜ ತೀರಿಕೊಂಡಿದ್ದರು. ಅವರ ಹೆಸರಿನ ಮೊದಲು ಬರಬೇಕಾದ 'ದಿ.', ಅಂದರೆ ದಿವಂಗತ, ಎಂಬುದನ್ನು ಬರೆದವರು ಜಾಗ ಸಾಲದೆ ಮೇಲಿನ ಸಾಲಿನ ತುದಿಯಲ್ಲಿ ತುರುಕಿದ್ದರು. ಯಂತ್ರ ಅದನ್ನು ಎತ್ತಿ, ಅಚ್ಚುಕಟ್ಟಾಗಿ, ಅಜ್ಜಿಯ ಹೆಸರಿನ ಮೊದಲು ಇಟ್ಟಿತು.

ಕರಡನ್ನು ಮನೆಯವರಿಗೆ ಕಳುಹಿಸಿದರು. ಕುಟುಂಬದ ಗುಂಪಿನಲ್ಲಿ ಹನ್ನೊಂದು ಮಂದಿ ನೋಡಿ ಹೆಬ್ಬೆರಳು ತೋರಿಸಿದರು. 600 ಪತ್ರಿಕೆ ಅಚ್ಚಾಯಿತು. ಮೊದಲ ಪತ್ರಿಕೆಯನ್ನು ದೇವರ ಮುಂದೆ ಇಡುವ ಹೊತ್ತಿನಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ತಮ್ಮ ಹೆಸರು ಹುಡುಕಿದರಂತೆ.

ಮರುದಿನ ಹುಡುಗಿಯ ತಂದೆ ಅಂಗಡಿಗೆ ಬಂದಾಗ ನಾನು ಅಲ್ಲಿದ್ದೆ. ಅವರು ಕೂಗಾಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟು ನಿಂತರು. ಮಾಲೀಕರು ಕೈಮುಗಿದರು. ಆ ರಾತ್ರಿ ಹೊಸ ಪ್ಲೇಟ್ ಹಾಕಿ, ಅಂಗಡಿಯ ಖರ್ಚಿನಲ್ಲಿಯೇ 600 ಪತ್ರಿಕೆ ಮತ್ತೆ ಅಚ್ಚು ಮಾಡಿದರು. ಹಳೆಯವನ್ನು ರದ್ದಿಗೆ ಹಾಕಲು ಮನಸ್ಸಾಗದೆ ಹಿರಿಯರು ಹಿತ್ತಲಲ್ಲಿ ಒಂದೊಂದಾಗಿ ಸುಟ್ಟರು.

ಇಷ್ಟು ಜನ ನೋಡಿಯೂ ಯಾರಿಗೂ ಕಾಣಲಿಲ್ಲವೇಕೆ? ಇದರ ಬಗ್ಗೆ ನಾವು ಬಹಳ ಮಾತಾಡಿದೆವು. ನನ್ನ ತಿಳಿವಳಿಕೆ ಇಷ್ಟು: ಮನುಷ್ಯರು ಟೈಪ್ ಮಾಡುವಾಗ ಆಗುವ ತಪ್ಪು ತಪ್ಪಿನಂತೆಯೇ ಕಾಣುತ್ತದೆ. ಕೊಂಬು ಇಲ್ಲ, ದೀರ್ಘ ಇಲ್ಲ, ಒತ್ತು ಜಾರಿದೆ ಎಂದು ಕಣ್ಣು ತಡವರಿಸುತ್ತದೆ. ಯಂತ್ರದ ತಪ್ಪಿನಲ್ಲಿ ಕಾಗುಣಿತ ಸರಿಯಾಗಿರುತ್ತದೆ, ಸಾಲು ಹೊಂದಿಕೊಂಡಿರುತ್ತದೆ, ಸುಳ್ಳು ಮಾತ್ರ ಒಳಗೆ ಕುಳಿತಿರುತ್ತದೆ. ಇಪ್ಪತ್ತು ವರ್ಷ ಕಾಗುಣಿತದ ತಪ್ಪು ಹಿಡಿಯಲು ಪಳಗಿದ ಅಕ್ಕನ ಕಣ್ಣಿಗೆ ಅಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಮಾತ್ರ ಸಿಗುವ ತಪ್ಪು ಅದು, ಮೂಲಪ್ರತಿ ಹುಡುಗನ ಮೊಬೈಲಿನಲ್ಲಿತ್ತು.

ಪರಿಹಾರ ಹೊಳೆದದ್ದು ಆಫ್‌ಸೆಟ್ ಯಂತ್ರದ ಹಿರಿಯರಿಗೆ. ಮೊಳೆಯ ಕಾಲದಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಕರಡಚ್ಚಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು. ಚುಕ್ಕಿ, ಗೆರೆ, ಇನಿಷಿಯಲ್ ಎಲ್ಲವನ್ನೂ ಬಾಯಿಬಿಟ್ಟು ಹೇಳುವುದು. ಮಾಲೀಕರ ತಂದೆ ಹಾಗೆಯೇ ಮಾಡಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದು ನಿಂತುಹೋಗಿತ್ತು. ಡಿಸೆಂಬರ್ 2024ರಿಂದ ಅದು ಮತ್ತೆ ಶುರುವಾಯಿತು. ಯಂತ್ರ ಮುಟ್ಟಿದ ಯಾವ ಕೆಲಸವೂ ಇಬ್ಬರ ಬಾಯಿ ಮತ್ತು ಕಣ್ಣಿನ ಕೆಳಗೆ ಹಾದುಹೋಗದೆ ಪ್ಲೇಟ್‌ಗೆ ಹೋಗುವುದಿಲ್ಲ. ಮನೆಯವರಿಗೆ ಕಳುಹಿಸುವ ಕರಡಿನ ಜೊತೆ ಒಂದು ಪ್ರಶ್ನೆಯೂ ಹೋಗುತ್ತದೆ: ಈ ಪಟ್ಟಿಯಲ್ಲಿ ದಿವಂಗತರು ಯಾರು ಯಾರು, ಹೆಸರು ಬರೆದು ಕಳುಹಿಸಿ. ಹೆಬ್ಬೆರಳಿನ ಗುರುತು ಉತ್ತರವೆಂದು ಲೆಕ್ಕಕ್ಕಿಲ್ಲ.

ಬಿಲ್ಲಿನ ಹೊಸ ಸಾಲು

ಇಬ್ಬರು ಕುಳಿತು ಓದುವುದೆಂದರೆ ಇಬ್ಬರ ಹೊತ್ತು. ಅಕ್ಕ ಮಾಲೀಕರ ಮುಂದೆ ನೇರವಾಗಿಯೇ ಕೇಳಿದರು: "ಅಣ್ಣ, ಯಂತ್ರ ಮಾಡಿದ ತಪ್ಪಿಗೆ ನಾನು ಹೊಣೆ. ಯಂತ್ರ ಉಳಿಸಿದ ಹೊತ್ತಿನಲ್ಲಿ ನನಗೆ ಪಾಲು ಏನು?" ಈ ಪ್ರಶ್ನೆ ಎದ್ದದ್ದರಿಂದಲೇ ಪ್ರಕರಣದ ದಿಕ್ಕು ಬದಲಾಯಿತು ಎಂದು ನಾನು ಭಾವಿಸುತ್ತೇನೆ. ಅದನ್ನು ಕೇಳುವ ಧೈರ್ಯ ಅವರಿಗಿತ್ತು, ಕೇಳಿಸಿಕೊಳ್ಳುವ ಮನಸ್ಸು ಮಾಲೀಕರಿಗಿತ್ತು.

ಜನವರಿಯಿಂದ ಬಿಲ್ಲಿನಲ್ಲಿ ಅಕ್ಷರಜೋಡಣೆಯ ದರ ಇಳಿಯಿತು. ಅದರ ಕೆಳಗೆ 'ಕರಡು ತಿದ್ದುವಿಕೆ' ಎಂಬ ಹೊಸ ಸಾಲು ಬಂತು, ಒಂದು ಪತ್ರಿಕೆಯ ಕರಡಿಗೆ 150 ರೂಪಾಯಿ. ಗಿರಾಕಿಗಳೇ ಬೇರೆಡೆ ಬರೆಸಿ ತಂದ ಒಕ್ಕಣೆಯನ್ನು, ವಾಟ್ಸ್‌ಆ್ಯಪ್‌ಗೆ ಮಾತ್ರ ಹೋಗುವ ಪತ್ರಿಕೆಯನ್ನು ಕೂಡ ತಿದ್ದಿಕೊಡುತ್ತಾರೆ, ಅದಕ್ಕೆ 300. ಇದರಲ್ಲಿ ಅರ್ಧ ಓದುವವರಿಗೆ. ಮದುವೆ ಮನೆಯವರು ಕೆಲವರು ಗೊಣಗಿದರು, ಒಂದಿಬ್ಬರು ಬೇರೆ ಅಂಗಡಿಗೆ ಹೋದರು. ದೇವಸ್ಥಾನದ ಸಮಿತಿಗಳು ಮಾತ್ರ ಮರುಮಾತಿಲ್ಲದೆ ಒಪ್ಪಿದವು, ಅದಕ್ಕೆ ಕಾರಣವಿತ್ತು.

ಜೀರ್ಣೋದ್ಧಾರದ ಮನವಿಪತ್ರವೊಂದನ್ನು ಸಮಿತಿಯ ಯುವಕನೊಬ್ಬ ಎಐಯಿಂದ ಬರೆಸಿ ತಂದಿದ್ದ. ಹಳೆಯ ಮನವಿಯನ್ನು ಮಾದರಿಯಾಗಿ ಕೊಟ್ಟಿದ್ದರಿಂದ ಬ್ಯಾಂಕ್ ವಿವರವೂ ಅಲ್ಲಿಂದಲೇ ಬಂದಿತ್ತು. ಅಕ್ಕ ಐಎಫ್‌ಎಸ್‌ಸಿ ಕೋಡ್ ಮೇಲೆ ಬೆರಳಿಟ್ಟು ನಿಂತರು. ಅದು ಎಸ್‌ವೈಎನ್‌ಬಿ ಎಂದು ಆರಂಭವಾಗುತ್ತಿತ್ತು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಆ ಹಳೆಯ ಕೋಡ್‌ಗಳು 2021ರ ಜುಲೈನಿಂದ ನಡೆಯುವುದಿಲ್ಲ. ಪತ್ರ ಅಚ್ಚಾಗಿ ಮುಂಬಯಿ, ದುಬೈಗಳಿಗೆ ಹೋಗಿದ್ದರೆ ಕಾಣಿಕೆಯ ಹಣ ತಿರುಗಿ ಹೋಗುತ್ತಿತ್ತು. ಜೊತೆಗೆ ಇನ್ನೊಂದು ಸೂಕ್ಷ್ಮವನ್ನು ಅವರು ಹುಡುಗನಿಗೆ ಹೇಳಿಕೊಟ್ಟರು: ಆ ಕೋಡ್‌ನಲ್ಲಿ ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ; ಯಂತ್ರವಾಗಲಿ ಮನುಷ್ಯರಾಗಲಿ ಅಲ್ಲಿ ಇಂಗ್ಲಿಷಿನ 'ಓ' ಬರೆದುಬಿಡುತ್ತಾರೆ. ಸಮಿತಿಯ ಅಧ್ಯಕ್ಷರಿಗೆ ವಿಷಯ ತಿಳಿದ ಮೇಲೆ ಅಕ್ಕಪಕ್ಕದ ಮೂರು ದೇವಸ್ಥಾನಗಳ ಕೆಲಸ ಇಲ್ಲಿಗೆ ಬಂತು.

ಒಂದು ನಿಯಮವನ್ನು ಗೋಡೆಗೆ ಅಂಟಿಸಿದ್ದಾರೆ. ಗಿರಾಕಿಗಳ ಫೋನ್ ಸಂಖ್ಯೆ, ಖಾತೆ ಸಂಖ್ಯೆ, ಆಧಾರ್ ಪ್ರತಿಗಳನ್ನು ಎಐಗೆ ಕೊಡುವಂತಿಲ್ಲ. ಅವನ್ನು ಕೊನೆಯಲ್ಲಿ ಕೈಯಿಂದಲೇ ಸೇರಿಸಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಇರದಿದ್ದರೂ ನಂಬಿ ಕೊಟ್ಟ ಮನೆಯವರ ವಿವರವನ್ನು ಜೋಪಾನ ಮಾಡುವುದು ಕಸುಬಿನ ಮರ್ಯಾದೆ.

ಉಪಕರಣಗಳ ಖರ್ಚು ಆರಂಭದಲ್ಲಿ ಮಾಲೀಕರಿಗೆ ಭಾರವೆನಿಸಿತ್ತು. ಮೊದಲ ತಿಂಗಳುಗಳನ್ನು ಉಚಿತ ಸೌಲಭ್ಯದಲ್ಲಿಯೇ ಕಳೆದರು. 2025ರ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಭಾರತದಲ್ಲಿ ತಿಂಗಳಿಗೆ 399 ರೂಪಾಯಿಯ ಯೋಜನೆ ತಂದ ಮೇಲೆ ಆ ಚಿಂತೆ ದೂರವಾಯಿತು. ಈಗ ದುಬಾರಿಯಾದದ್ದು ಓದುವವರ ಹೊತ್ತು, ಅದು ದುಬಾರಿಯಾಗಿಯೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಐದನೆಯವರು

ಹಂಗಾಮಿಗೆ ಬರುತ್ತಿದ್ದ ಹೆಣ್ಣುಮಗಳನ್ನು 2024ರ ದೀಪಾವಳಿಯ ನಂತರ ಕರೆಯಲಿಲ್ಲ. ಟೈಪ್ ಮಾಡುವ ಕೆಲಸವೇ ಇರಲಿಲ್ಲ. ಯಾರೂ ಅವರಿಗೆ ಹೇಳಿಯೂ ಇರಲಿಲ್ಲ. ಅವರು ಕಾದು, ಕಾರ್ತಿಕ ಮಾಸ ಮುಗಿದ ಮೇಲೆ ತಾವೇ ಫೋನ್ ಮಾಡಿದರು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಫೋನ್. ಹೊತ್ತಿನ ಲೆಕ್ಕ ಬರೆಯಲು ಹೇಳಿದವನು ನಾನೇ ಆಗಿದ್ದರೂ ಅವರಿಗೆ ಮೊದಲೇ ತಿಳಿಸಬೇಕೆಂದು ನನಗೂ ತೋಚಲಿಲ್ಲ. ಅದು ನನ್ನ ತಪ್ಪೂ ಹೌದು.

ಇಬ್ಬರು ಓದುವ ಪದ್ಧತಿ ಬಂದಾಗ ಎರಡನೆಯ ದನಿ ಬೇಕಾಯಿತು. ಹುಡುಗನಿಗೆ ವಿನ್ಯಾಸದಿಂದ ಬಿಡುವಿಲ್ಲ. ಜನವರಿಯಲ್ಲಿ ಅವರನ್ನು ಕರೆಸಿದರು. ಸಂಜೆ ನಾಲ್ಕರಿಂದ ಏಳರವರೆಗೆ ಅವರು ಮೂಲಪ್ರತಿಯನ್ನು ಓದುತ್ತಾರೆ, ಅಕ್ಕ ಕರಡನ್ನು ನೋಡುತ್ತಾರೆ. ಅವರ ಉಚ್ಚಾರ ಸ್ಪಷ್ಟ, ಹೆಸರುಗಳ ಮೇಲೆ ಹಿಡಿತವಿದೆ. ಹೆಜಮಾಡಿಯಿಂದ ಪೆರ್ಡೂರಿನವರೆಗೆ ಯಾವ ಮನೆತನದ ಹೆಸರನ್ನು ಹೇಗೆ ಬರೆಯುತ್ತಾರೆಂದು ಅವರಿಗೆ ಗೊತ್ತು. ಗಂಟೆಯ ಲೆಕ್ಕದಲ್ಲಿ ಹಿಂದಿಗಿಂತ ಹೆಚ್ಚು ಸಿಗುತ್ತದೆ. ಆದರೆ ಹಿಂದೆ ಇಡೀ ದಿನ ಕೆಲಸವಿತ್ತು, ಈಗ ಮೂರು ಗಂಟೆ; ಪತ್ತನಾಜೆಯ ಹೊತ್ತಿಗೆ ಕೂಡಿ ನೋಡಿದರೆ ಕೈಗೆ ಬಂದದ್ದು ಹಿಂದಿನ ಹಂಗಾಮಿಗಿಂತ ಕಡಿಮೆ. ಬೆಳಗಿನ ಹೊತ್ತು ಬೀಡಿ ಕಟ್ಟಿ ಅದನ್ನು ಸರಿದೂಗಿಸಿಕೊಂಡರು.

2025ರ ಮಳೆಗಾಲದಲ್ಲಿ ಮಾಲೀಕರು ಜಿಲ್ಲೆಯ ಶಾಲೆ, ದೇವಸ್ಥಾನ, ಸಹಕಾರಿ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳ ಪಟ್ಟಿ ಮಾಡತೊಡಗಿದರು. ಅಂಥ ಮರುಮುದ್ರಣದ ಕೆಲಸ ನಾಲ್ಕು ಬಂದರೂ ಓದುವವರಿಬ್ಬರಿಗೂ ವರ್ಷವಿಡೀ ಕೆಲಸ ಕೊಡಬಹುದು ಎಂಬುದು ಅವರ ಲೆಕ್ಕ. ನಾನು ಕಡೆಯ ಸಲ ಹೋದಾಗ ಎರಡು ಒಪ್ಪಿಗೆಯಾಗಿದ್ದವು. ಒಳಗಿನ ಕೋಣೆಯಲ್ಲಿ ಅವರಿಬ್ಬರೂ ಎದುರುಬದುರು ಕುಳಿತಿದ್ದರು. ಹೊರಗೆ ಮಳೆ ಹೊಯ್ಯುತ್ತಿದ್ದುದರಿಂದ ಸ್ವಲ್ಪ ಗಟ್ಟಿಯಾಗಿಯೇ ಓದುತ್ತಿದ್ದರು: "ದಿ, ಚುಕ್ಕಿ. ಕೆ, ಚುಕ್ಕಿ. ಹೆಸರು ಮುಂದಿನ ಸಾಲಿನಲ್ಲಿದೆ ಅಕ್ಕ, ನೋಡಿ."